ತೋಟದ ಮನೆಗೆ ರಿಪೇರಿ ಬೆಂಚು: ಮರವೋ, ಕಬ್ಬಿಣವೋ, ಕಲ್ಲೋ?

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಐದಾರು ಎಕರೆ ಕಾಫಿ ಇದ್ದವರ ಮನೆಯಲ್ಲೂ ಈಗ ಕಳೆ ಹೊಡೆಯುವ ಮೆಷಿನ್, ಚೈನ್‌ಸಾ, ಔಷಧಿ ಹೊಡೆಯುವ ಪಂಪು, ಒಂದು ಕಟ್ಟು ಕತ್ತಿ, ಗಿಡ ಕತ್ತರಿ ಇದ್ದೇ ಇರುತ್ತವೆ. ಇವುಗಳ ರಿಪೇರಿಯಲ್ಲಿ ಅರ್ಧಕ್ಕರ್ಧ ಪೇಟೆಗೆ ಒಯ್ಯುವಂಥದ್ದೇ ಅಲ್ಲ. ಚೈನ್ ಅರ ಹಾಕುವುದು, ಕಾರ್ಬುರೇಟರ್ ತೊಳೆಯುವುದು, ಪಂಪಿನ ವಾಷರ್ ಬದಲಿಸುವುದು, ಕತ್ತಿಗೆ ಹಿಡಿ ಕೂರಿಸುವುದು, ಎಲ್ಲ ಮನೆಯಲ್ಲೇ ಆಗುವ ಕೆಲಸ. ಜಗಲಿಯಲ್ಲಿ ಕುಕ್ಕರುಗಾಲಲ್ಲಿ ಕೂತೂ ಮಾಡಬಹುದು. ಆದರೆ ಹಾರಿದ ಸ್ಪ್ರಿಂಗ್ ಸಿಗುವುದಿಲ್ಲ, ಕಾಲಲ್ಲಿ ಒತ್ತಿ ಹಿಡಿದ ವಸ್ತು ಅಲುಗುತ್ತದೆ, ಸಂಜೆಗೆ ಸೊಂಟ ಹಿಡಿಯುತ್ತದೆ.

ಎಂಥ ಬೆಂಚು ಎಂದರೆ ಉತ್ತರ ಊರಿನ ಮೇಲೆ ಹೋಗುತ್ತದೆ. ಚಿಕ್ಕಮಗಳೂರು ಜಿಲ್ಲೆಯಲ್ಲೇ ಶೃಂಗೇರಿಯೂ ಇದೆ, ಕಡೂರೂ ಇದೆ. ಹಾಸನದಲ್ಲಿ ಸಕಲೇಶಪುರವೂ ಇದೆ, ಅರಸೀಕೆರೆಯೂ ಇದೆ. ಮಳೆಯ ಲೆಕ್ಕದಲ್ಲಿ ಇವು ಬೇರೆ ಬೇರೆ ಲೋಕ. ಕಡೂರಿನಲ್ಲಿ ಹತ್ತು ವರ್ಷ ನಿಲ್ಲುವ ಬೆಂಚು ಶೃಂಗೇರಿಯಲ್ಲಿ ಮೂರು ಮಳೆಗಾಲಕ್ಕೆ ಸಡಿಲಾಗಬಹುದು.

ಮೊದಲು ವೈಸ್ ತನ್ನಿ

ಸಾಮಾನ್ಯವಾಗಿ ಮೇಜು ಮೊದಲು ಮಾಡಿಸಿ, ಉಳಿದ ದುಡ್ಡಿಗೆ ಸಿಕ್ಕ ವೈಸ್ (ವಸ್ತುವನ್ನು ಎರಡು ದವಡೆಗಳ ನಡುವೆ ಬಿಗಿದು ಹಿಡಿಯುವ ಸಾಧನ) ತರುತ್ತಾರೆ. ಇದನ್ನು ತಿರುಗಿಸಿ. ಬೆಂಚಿನ ಎತ್ತರ, ಕಾಲು ಎಲ್ಲಿ ಬರಬೇಕು, ಎಷ್ಟು ತೂಕ ಬೇಕು, ಮೂರನ್ನೂ ನಿರ್ಧರಿಸುವುದು ವೈಸೇ.

ದವಡೆ 4 ಇಂಚು ಅಗಲದ್ದಾದರೆ ಚೈನ್, ಗಿಡ ಕತ್ತರಿ, ಕಾರ್ಬುರೇಟರ್‌ಗೆ ಸಾಕು. ತೂಕ ಸುಮಾರು 8ರಿಂದ 10 ಕಿಲೋ. 6 ಇಂಚಿನದು 20 ಕಿಲೋದ ಆಸುಪಾಸು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಶಾಫ್ಟ್ ಹಿಡಿಯಬೇಕು, ಪೈಪಿಗೆ ಚೂಡಿ (ಸ್ಕ್ರೂ ಗೆರೆ) ಹಾಕಬೇಕು ಎನ್ನುವವರಿಗೆ ಅದೇ ಬೇಕು. ಕಳೆ ಮೆಷಿನ್, ಚೈನ್‌ಸಾ, ಪಂಪು ಇಷ್ಟೇ ಇದ್ದರೆ 5 ಇಂಚು ಹೇಳಿ ಮಾಡಿಸಿದಂತೆ.

ಅಳತೆಗಿಂತ ಲೋಹ ಮುಖ್ಯ. ಬೀಡು ಕಬ್ಬಿಣದ ವೈಸ್ ಅಗ್ಗ, ಒತ್ತಡ ಚೆನ್ನಾಗಿ ತಡೆಯುತ್ತದೆ, ಪೆಟ್ಟು ತಡೆಯುವುದಿಲ್ಲ. ಅದರಲ್ಲಿ ಹಿಡಿದ ಕಬ್ಬಿಣಕ್ಕೆ ಸುತ್ತಿಗೆಯಲ್ಲಿ ಜೋರಾಗಿ ಹೊಡೆದರೆ, ಅಥವಾ ಹಿಡಿಗೆ ಪೈಪ್ ತೂರಿಸಿ ಬಿಗಿದರೆ, ದವಡೆಯ ಬುಡದಲ್ಲಿ ಸೀಳು ಬಿಡುತ್ತದೆ. ಸೀಳಿದ ಬೀಡಿಗೆ ವೆಲ್ಡಿಂಗ್ ನಂಬುವಂತಿಲ್ಲ. ಎಸ್‌ಜಿ ಐರನ್ (ಪೆಟ್ಟು ತಡೆಯುವ ಬಗೆಯ ಬೀಡು) ಅಥವಾ ಬಡಿದು ಮಾಡಿದ ಉಕ್ಕಿನದಾದರೆ ಬೆಲೆ ಹೆಚ್ಚು, ಆದರೆ ಕತ್ತಿ ಬಾಗಿದ್ದನ್ನು ಅದರಲ್ಲೇ ಹೊಡೆದು ನೇರ ಮಾಡಬಹುದು.

ಅಂಗಡಿಯಲ್ಲೇ ಎರಡು ಪರೀಕ್ಷೆ ಮಾಡಿ. ದವಡೆ ಅರ್ಧ ತೆರೆದು, ಮುಂದಿನ ದವಡೆಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಒಂದು ಮಿಲಿಮೀಟರಿಗಿಂತ ಹೆಚ್ಚು ಆಡಿದರೆ ಬೇಡ. ಆಮೇಲೆ ದವಡೆಯ ಎರಡೂ ತುದಿಗೆ ಒಂದೊಂದು ಚೂರು ನ್ಯೂಸ್‌ಪೇಪರ್ ಇಟ್ಟು ಹಗುರವಾಗಿ ಮುಚ್ಚಿ ಎಳೆಯಿರಿ. ಒಂದು ಕಡೆಯದು ಸಲೀಸಾಗಿ ಜಾರಿ ಬಂದರೆ ದವಡೆ ಸಮವಾಗಿಲ್ಲ. ದವಡೆಯ ಹಲ್ಲಿನ ಪಟ್ಟಿ ಸ್ಕ್ರೂ ಹಾಕಿ ಕೂರಿಸಿದ್ದಾಗಿರಲಿ, ಸವೆದಾಗ ಬದಲಿಸಬಹುದು. ತಿರುಗುವ ತಳದ ವೈಸ್ ನೋಡಲು ಚೆಂದ. ಆದರೆ ಬಲ ಬಿದ್ದಾಗ ಜಾರಲು ಅದೊಂದು ಹೆಚ್ಚಿನ ಜಾಗ. ಒಂದೇ ವೈಸ್ ಇಡುವವರಿಗೆ ಸ್ಥಿರ ತಳದ್ದೇ ವಾಸಿ.

ಕೂರಿಸುವಾಗ ಆಗುವ ದೊಡ್ಡ ತಪ್ಪು ವೈಸನ್ನು ಅಂಚಿನಿಂದ ಒಳಗೆ ತಳ್ಳಿ ಬಿಗಿಯುವುದು. ಹಿಂದಿನ ಸ್ಥಿರ ದವಡೆಯ ಮುಖ ಬೆಂಚಿನ ಅಂಚಿಗಿಂತ ಒಂದು ಬೆರಳಿನಷ್ಟು ಹೊರಗೆ ಇರಬೇಕು. ಹಾಗಿದ್ದರೆ ಮಾತ್ರ ಕಳೆ ಮೆಷಿನ್ನಿನ ಉದ್ದನೆಯ ಪೈಪನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಬಹುದು, ಇಲ್ಲದಿದ್ದರೆ ಹಲಗೆಗೆ ತಾಗಿ ವಾಲುತ್ತದೆ. ವೈಸ್ ಕೂರುವ ಜಾಗ ಬೆಂಚಿನ ಕಾಲಿನ ನೇರಕ್ಕೆ ಬರಲಿ. 12 ಎಂಎಂ ಬೋಲ್ಟ್ ಹಲಗೆಯನ್ನು ಪೂರ್ತಿ ದಾಟಿ ಹೋಗಿ, ಅಡಿಯಲ್ಲಿ 6 ಎಂಎಂ ದಪ್ಪದ ಕಬ್ಬಿಣದ ಪಟ್ಟಿ, ಸ್ಪ್ರಿಂಗ್ ವಾಷರ್, ನಟ್ ಇರಬೇಕು. ಮರಕ್ಕೆ ಬಿಗಿದ ಸ್ಕ್ರೂ ಆರು ತಿಂಗಳಲ್ಲಿ ತೂತು ದೊಡ್ಡದು ಮಾಡಿಕೊಂಡು ಕಿತ್ತು ಬರುತ್ತದೆ.

ಎತ್ತರದ ಲೆಕ್ಕ ಸುಲಭ. ನೆಟ್ಟಗೆ ನಿಂತು ಮೊಣಕೈ ಮಡಚಿ. ನೆಲದಿಂದ ಮೊಣಕೈವರೆಗಿನ ಅಳತೆಗೆ ವೈಸಿನ ದವಡೆಯ ಮೇಲಂಚು ಸಮ ಬರಬೇಕು. ಐದೂವರೆ ಅಡಿ ಎತ್ತರದವರಿಗೆ ಅದು ಸುಮಾರು 41 ಇಂಚು. ವೈಸಿನ ಎತ್ತರ 6 ಇಂಚು ಕಳೆದರೆ ಬೆಂಚು 35 ಇಂಚಿಗೆ ನಿಲ್ಲುತ್ತದೆ. ಊಟದ ಮೇಜಿನ ಎತ್ತರ 30 ಇಂಚು. ಹಳೆಯ ಮೇಜಿಗೆ ವೈಸ್ ಹಾಕಿದವರಿಗೆ ಬೆನ್ನು ನೋವು ಬರುವುದು ಆ ಐದು ಇಂಚಿನಿಂದ.

ಮೇಲ್ಮೈ: ನಿಜವಾದ ಆಯ್ಕೆ ಇರುವುದು ಇಲ್ಲಿ

ತೋಟದವರಿಗೆ ಮೊದಲು ಕಣ್ಣಿಗೆ ಬೀಳುವುದು ಸಿಲ್ವರ್ ಓಕ್. ನಮ್ಮದೇ ಮರ, ಕಡಿಯಲು ಅರಣ್ಯ ಇಲಾಖೆಯ ಅನುಮತಿಯ ರಗಳೆ ಇಲ್ಲ, ಮಿಲ್ಲಿನಲ್ಲಿ ಎರಡು ಇಂಚಿನ ಹಲಗೆ ಸೀಳಿಸಿದರೆ ಮುಗಿಯಿತು ಎಂಬ ಲೆಕ್ಕಾಚಾರ. ಮುಗಿಯುವುದಿಲ್ಲ. ಹಸಿ ಸಿಲ್ವರ್ ಒಣಗುವಾಗ ತಿರುಚಿಕೊಳ್ಳುತ್ತದೆ, ಮೇಲಾಗಿ ಕುಟ್ಟೆ ಹುಳಕ್ಕೆ ಅದೆಂದರೆ ಇಷ್ಟ. ಸೀಳಿದ ವಾರದೊಳಗೆ, ಹಲಗೆ ಹಸಿಯಾಗಿರುವಾಗಲೇ, 10 ಲೀಟರ್ ಬಿಸಿ ನೀರಿಗೆ 600 ಗ್ರಾಂ ಬೊರಾಕ್ಸ್, 400 ಗ್ರಾಂ ಬೋರಿಕ್ ಆ್ಯಸಿಡ್ ಕರಗಿಸಿ ಎಲ್ಲ ಮುಖಕ್ಕೂ ಎರಡು ಮೂರು ಸಲ ಬಳಿದು, ಒಂದೆರಡು ವಾರ ಪ್ಲಾಸ್ಟಿಕ್ ಮುಚ್ಚಿಡಿ. ಹಸಿ ಮರದ ನೀರಿನ ಜೊತೆ ಔಷಧಿ ಒಳಗಿಳಿಯುತ್ತದೆ. ಒಣಗಿದ ಮೇಲೆ ಬಳಿದರೆ ಮೇಲೆಯೇ ಉಳಿಯುತ್ತದೆ. ಒಂದು ಎಚ್ಚರಿಕೆ: ಈ ಔಷಧಿ ನೀರಿನಲ್ಲಿ ಕರಗುವಂಥದ್ದು, ಮಳೆ ಬಡಿದರೆ ತೊಳೆದುಹೋಗುತ್ತದೆ.

ಆಮೇಲೆ ನೆರಳಲ್ಲಿ, ಎರಡೆರಡು ಅಡಿಗೆ ಒಂದು ರೀಪರ್ ಕೊಟ್ಟು, ಒಂದರ ಮೇಲೊಂದು ಪೇರಿಸಿ, ಮೇಲೆ ಸೈಜುಗಲ್ಲು ಹೇರಿ. ಹಲಗೆಯ ಎರಡೂ ತುದಿಗೆ ಉಳಿದ ಪೇಂಟ್ ಬಳಿಯಿರಿ. ತುದಿ ಬೇಗ ಒಣಗಿ ಸೀಳುವುದು ತಪ್ಪುತ್ತದೆ. ಎರಡು ಇಂಚಿನ ಹಲಗೆಗೆ ಒಂದು ವರ್ಷ ಕೊಟ್ಟರೂ ಹೆಚ್ಚಲ್ಲ. ಡಿಸೆಂಬರಿನಲ್ಲಿ ಸೀಳಿಸಿ ಮಾರ್ಚಿನಲ್ಲಿ ಬೆಂಚು ಬೇಕೆಂದರೆ ಸಿಲ್ವರ್ ಬಿಟ್ಟುಬಿಡಿ.

ಹಳೆ ಮನೆ ಕೆಡವಿದಾಗ ಸಿಕ್ಕ ಹಲಸು, ಮತ್ತಿ, ಹೊನ್ನೆಯ ತೊಲೆ ಅಥವಾ ಬಾಗಿಲು ಅಟ್ಟದ ಮೇಲಿದ್ದರೆ ಅದಕ್ಕಿಂತ ಒಳ್ಳೆಯ ಬೆಂಚು ದುಡ್ಡಿಗೆ ಸಿಗುವುದಿಲ್ಲ. ದಶಕಗಟ್ಟಲೆ ಒಣಗಿದ ಮರ, ಇನ್ನು ಅದು ಎತ್ತಲೂ ಹೋಗದು. ಮಿಲ್ಲಿಗೆ ಕೊಡುವ ಮುಂಚೆ ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ ತೆಗೆಯಿರಿ, ಬ್ಲೇಡು ಹಾಳಾದರೆ ಮಿಲ್ಲಿನವನು ಸುಮ್ಮನಿರುವುದಿಲ್ಲ. ಬೀಟೆ ಸಿಕ್ಕರೆ ದಯವಿಟ್ಟು ಬೆಂಚು ಮಾಡಬೇಡಿ.

ಯಾವ ಮರವಾದರೂ ಮಲೆನಾಡಿನಲ್ಲಿ ಜುಲೈಗೆ ಉಬ್ಬುತ್ತದೆ, ಮಾರ್ಚಿಗೆ ಕುಗ್ಗುತ್ತದೆ. ಹಲಗೆಗಳನ್ನು ಒಂದಕ್ಕೊಂದು ಅಂಟಿಸಿ ಕಬ್ಬಿಣದ ಚೌಕಟ್ಟಿಗೆ ಬಿಗಿಯಾಗಿ ಬಂಧಿಸಿದರೆ ಎಲ್ಲಾದರೂ ಒಂದು ಕಡೆ ಸೀಳಲೇಬೇಕು. ಚೌಕಟ್ಟಿನ ತೂತನ್ನು ಅಗಲದ ದಿಕ್ಕಿನಲ್ಲಿ ಉದ್ದಕ್ಕೆ ಕೊರೆದು, ದೊಡ್ಡ ವಾಷರ್ ಹಾಕಿ ಬೋಲ್ಟ್ ಮಾಡಿ. ಹಲಗೆ ತಾನೇ ಸರಿದಾಡಿಕೊಳ್ಳಲಿ. ಪಾಲಿಶ್‌ಗೆ ಅಗಸೆ ಎಣ್ಣೆ ಬಳಿಯುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಹೊರಹೋಗದೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ ಇಲ್ಲವೇ ನೀರಿನಲ್ಲಿ ಅದ್ದಿಡಿ.

ಕಾಯಲು ಆಗದವರಿಗೆ ಪ್ಲೈವುಡ್. ಐಎಸ್ 710 ಗುರುತಿನ, ನೀರು ತಡೆಯುವ 18 ಎಂಎಂ ಹಾಳೆ ಒಂದೇ ಸಾಕು. 8×4 ಅಡಿಯ ಹಾಳೆಯನ್ನು ಉದ್ದಕ್ಕೆ ಎರಡು ಮಾಡಿದರೆ 60 ಸೆಂಮೀ ಅಗಲದ ಎರಡು ತುಂಡು. ಎರಡನ್ನೂ 180 ಸೆಂಮೀಗೆ ಕತ್ತರಿಸಿ, ನಡುವೆ ಗಮ್ ಹಾಕಿ, ಅಡಿಯಿಂದ ಏಳೆಂಟು ಇಂಚಿಗೊಂದು ಸ್ಕ್ರೂ ಕೊಟ್ಟರೆ 36 ಎಂಎಂ ದಪ್ಪದ ಮೇಲ್ಮೈ ಸಿದ್ಧ. ಅಗಲವನ್ನು 75 ಸೆಂಮೀ ಮಾಡಲು ಹೋದರೆ ಎರಡನೇ ಹಾಳೆ ಬೇಕಾಗುತ್ತದೆ, ಕೈಗೆ ಎಟುಕದ ಹಿಂದಿನ ಅರ್ಧ ಅಡಿ ಕಸ ಸೇರುವ ಜಾಗವಾಗುತ್ತದೆ. ಪ್ಲೈವುಡ್ ಕೆಡುವುದು ಅಂಚಿನಿಂದ. ನಾಲ್ಕೂ ಅಂಚಿಗೆ ಪೇಂಟ್ ಅಥವಾ ಗಮ್ ಬಳಿದು ಮರದ ಪಟ್ಟಿ ಹೊಡೆಯಿರಿ. ಮೇಲೆ 6 ಎಂಎಂ ಹಾಳೆಯನ್ನು ಗಮ್ ಇಲ್ಲದೆ ಸ್ಕ್ರೂನಲ್ಲಿ ಕೂರಿಸಿದರೆ ಎಣ್ಣೆ ಕುಡಿದು ಕಪ್ಪಾದಾಗ ಅದನ್ನಷ್ಟೇ ಬದಲಿಸಬಹುದು.

ಕಬ್ಬಿಣದ ತಗಡು ವೆಲ್ಡಿಂಗ್ ಮಾಡುವವರಿಗೆ ಮಾತ್ರ ಅರ್ಥವಿರುವ ಆಯ್ಕೆ. ಇದೇ ಅಳತೆಗೆ 6 ಎಂಎಂ ಪ್ಲೇಟ್ 51 ಕಿಲೋ ತೂಗುತ್ತದೆ. 3 ಎಂಎಂ ಅದರ ಅರ್ಧ, ಆದರೆ ತಮಟೆಯಂತೆ ಸದ್ದು ಮಾಡುತ್ತದೆ. ಕತ್ತಿ, ಉಳಿ ಬಾಯಿ ತಾಗಿದರೆ ಮೊಂಡು. ಜೂನ್ ಕಳೆಯುವಷ್ಟರಲ್ಲಿ ಮೇಲೆ ಕೆಂಪು ಪುಡಿ. ಅರಸೀಕೆರೆ, ಕಡೂರಿನ ಕಡೆಯಾದರೆ ಈ ಆಕ್ಷೇಪಣೆ ಅಷ್ಟಾಗಿ ನಿಲ್ಲುವುದಿಲ್ಲ, ಅಲ್ಲಿ ಗೆದ್ದಲಿನ ಕಾಟ ನೋಡಿದರೆ ಕಬ್ಬಿಣವೇ ಮೇಲು ಅನ್ನಿಸೀತು. ಮರದ ಬೆಂಚಿನ ಮೇಲೆಯೇ ವೈಸಿನ ಪಕ್ಕ ಎರಡು ಅಡಿ ಚೌಕದ ಪ್ಲೇಟ್ ಹಾಕಿಕೊಂಡರೆ ಎರಡೂ ಕೆಲಸ ನಡೆಯುತ್ತದೆ.

ಕಲ್ಲಿನ ಚಪ್ಪಡಿ ಎಲ್ಲರ ಮನೆಯ ಹಿತ್ತಲಲ್ಲೂ ಒಂದು ಬಿದ್ದಿರುತ್ತದೆ, ಹಾಗಾಗಿ ಆ ಯೋಚನೆ ಬರುತ್ತದೆ. ಅಡುಗೆಮನೆಗೆ ಹಾಕುವ 18-20 ಎಂಎಂ ಗ್ರಾನೈಟ್ ಒಂದೇ ಜಾಗಕ್ಕೆ ಬಿದ್ದ ಸುತ್ತಿಗೆ ಪೆಟ್ಟಿಗೆ ಸೀಳುತ್ತದೆ. ವೈಸ್ ಹಾಕಲು ಕೊರೆದ ತೂತಿನಿಂದಲೇ ಸೀಳು ಶುರು. ಮೂರು ಇಂಚಿನ ಕಾಂಕ್ರೀಟ್ ಹಾಕಿಸಿದರೆ ಅಲುಗಾಟವೇ ಇಲ್ಲ, ತೂಕ 190 ಕಿಲೋ ದಾಟುತ್ತದೆ. ಆದರೆ ಬೋಲ್ಟನ್ನು ಕಾಂಕ್ರೀಟ್ ಹಾಕುವಾಗಲೇ ಅಳತೆ ಹಿಡಿದು ನಿಲ್ಲಿಸಬೇಕು, ನಾಳೆ ವೈಸ್ ಬದಲಾದರೆ ತೂತು ಹೊಂದುವುದಿಲ್ಲ. ಕಲ್ಲಿಗೆ ಒಂದೇ ಒಳ್ಳೆಯ ಉಪಯೋಗವಿದೆ: ಪೆಟ್ರೋಲ್, ಗ್ರೀಸ್ ಒರೆಸಿದರೆ ಹೋಗುತ್ತದೆ. ಬಿಡಿಭಾಗ ತೊಳೆಯಲು ಒಂದು ಸಣ್ಣ ಕಟ್ಟೆ ಬೇರೆ ಇರಲಿ, ಅದು ಕಲ್ಲಿನದೇ ಆಗಲಿ.

ಚೌಕಟ್ಟು

40×40×5 ಎಂಎಂ ಆಂಗಲ್ ತೆಗೆದುಕೊಳ್ಳಿ. ಚೌಕ ಪೈಪ್ ನೋಡಲು ನಯ, ಆದರೆ ಮಲೆನಾಡಿನಲ್ಲಿ ಅದರ ಒಳಗೆ ತೇವ ಸೇರಿ, ಹೊರಗೆ ಪೇಂಟ್ ಹೊಳೆಯುತ್ತಿರುವಾಗಲೇ ಒಳಗಿನಿಂದ ತುಕ್ಕು ತಿನ್ನುತ್ತದೆ. ಆಂಗಲ್‌ನ ಎರಡೂ ಮುಖ ಕಣ್ಣಿಗೆ ಕಾಣುತ್ತದೆ, ಬ್ರಶ್ ಹೋಗುತ್ತದೆ. ಪೈಪೇ ಬೇಕೆಂದರೆ 2 ಎಂಎಂಗಿಂತ ತೆಳುವಾದದ್ದು ಬೇಡ, ತುದಿಗಳಿಗೆಲ್ಲ ಮುಚ್ಚಳ ವೆಲ್ಡ್ ಮಾಡಿಸಿ.

180×60 ಸೆಂಮೀ ಬೆಂಚಿಗೆ 20 ಅಡಿಯ ಮೂರು ಲೆಂತ್ ಸರಿಯಾಗಿ ಸಾಲುತ್ತದೆ. ಮೊದಲನೆಯದರಲ್ಲಿ 180 ಸೆಂಮೀಯ ಮೂರು ತುಂಡು. ಎರಡನೆಯದರಲ್ಲಿ 180ರ ಒಂದು, 82 ಸೆಂಮೀಯ ನಾಲ್ಕು ಕಾಲು, 60ರ ಒಂದು ಅಡ್ಡಪಟ್ಟಿ. ಮೂರನೆಯದರಲ್ಲಿ 60ರ ನಾಲ್ಕು ಅಡ್ಡಪಟ್ಟಿ, ಹಿಂಭಾಗಕ್ಕೆ ಮೂಲೆಯಿಂದ ಮೂಲೆಗೆ ಹೋಗುವ ಸುಮಾರು 190ರ ಓರೆಪಟ್ಟಿ, ಮತ್ತೆ 82ರ ಐದನೇ ಕಾಲು. ಈ ಐದನೇ ಕಾಲು ವೈಸಿನ ನೇರ ಕೆಳಗೆ ಬರುತ್ತದೆ. ಓರೆಪಟ್ಟಿ ದಂಡ ಅನ್ನಿಸಿ ಬಿಡುವವರುಂಟು. ಅದಿಲ್ಲದ ಬೆಂಚು ಅರ ಹಾಕುವಾಗ ಉದ್ದಕ್ಕೆ ತೊನೆಯುತ್ತದೆ.

ವೆಲ್ಡರ್‌ಗೆ ಮೊದಲು ಚುಕ್ಕಿ ವೆಲ್ಡ್ ಮಾತ್ರ ಹಾಕಲು ಹೇಳಿ, ಚೌಕಟ್ಟಿನ ಎರಡು ಕರ್ಣ ಅಳೆಯಿರಿ. ಎರಡೂ ಸಮ ಬಂದ ಮೇಲೆಯೇ ಪೂರ್ತಿ ವೆಲ್ಡಿಂಗ್. ಒಂದೇ ಮೂಲೆಯನ್ನು ಮುಗಿಸಿ ಮುಂದಿನದಕ್ಕೆ ಹೋದರೆ ಬಿಸಿಗೆ ಎಳೆದುಕೊಂಡು ನಾಲ್ಕನೇ ಕಾಲು ನೆಲ ಮುಟ್ಟುವುದಿಲ್ಲ.

ಕೆಳಗಿನ ಚೌಕಟ್ಟಿಗೆ ಹಲಗೆ ಹಾಸಿ ಆರು ಇಂಚಿನ ನಾಲ್ಕು ಸಾಲಿಡ್ ಬ್ಲಾಕ್ ಇಟ್ಟರೆ ನೂರು ಕಿಲೋ ಸೇರಿತು. ಗೋಡೆಗೆ ಬೋಲ್ಟ್ ಹೊಡೆಯುವುದಕ್ಕಿಂತ ಇದು ನಂಬಿಕಸ್ಥ, ಯಾಕೆಂದರೆ ಹಳೆ ಮನೆಗಳ ಮಣ್ಣಿನ ಗೋಡೆಯಲ್ಲಿ ಫಾಸ್ಟನರ್ ನಿಲ್ಲುವುದಿಲ್ಲ. ಮಡಚುವ ರೆಡಿಮೇಡ್ ಬೆಂಚುಗಳ ವಿಷಯವೂ ಇಷ್ಟೇ: ತೂಕವಿಲ್ಲ, ಅರ ಒತ್ತಿದರೆ ನಿಮ್ಮ ಜೊತೆ ನಡೆದು ಬರುತ್ತವೆ. ಬಾಡಿಗೆ ಮನೆಯವರಿಗೆ ಬೇರೆ ದಾರಿಯಿಲ್ಲದಾಗ ಸರಿ.

ಎಲ್ಲಿ ಇಡಬೇಕು

ಮುಂಗಾರು ಬಡಿಯುವುದು ನೈಋತ್ಯದಿಂದ. ತೆರೆದ ಕಡೆ ಪೂರ್ವ ಅಥವಾ ಉತ್ತರಕ್ಕಿರುವ ಶೆಡ್ಡೇ ಆಗಬೇಕು. ಪಶ್ಚಿಮಕ್ಕೆ ತೆರೆದಿದ್ದರೆ ಹತ್ತು ಅಡಿ ಒಳಗಿಟ್ಟರೂ ಇರಚಲು ತಲುಪುತ್ತದೆ. ಮಣ್ಣು ನೆಲವಾದರೆ ಕಾಲಿನ ಅಡಿಗೆ ಚಪ್ಪಡಿ ಕೊಡಿ.

ಇದಕ್ಕಿಂತ ದೊಡ್ಡ ಶತ್ರು ಅದೇ ಶೆಡ್ಡಿನ ಗೊಬ್ಬರದ ಮೂಟೆ. ಪೊಟ್ಯಾಷ್ ಎಂದು ನಾವು ಹಾಕುವುದು ಹೆಚ್ಚಾಗಿ ಕ್ಲೋರೈಡ್. ಅದರ ಧೂಳು ಗಾಳಿಯ ತೇವ ಹೀರಿ ಕಬ್ಬಿಣದ ಮೇಲೆ ಉಪ್ಪುನೀರಾಗಿ ಕೂರುತ್ತದೆ. ಮೈಲುತುತ್ತ ಇನ್ನೂ ಕೆಟ್ಟದ್ದು. ಬೋರ್ಡೋ ಮಾಡಲು ಕರಗಿಸಿದ ತುತ್ತದ ನೀರು ಒಂದು ಹನಿ ಸ್ಪ್ಯಾನರ್ ಮೇಲೆ ಬಿದ್ದು ನೋಡಿ: ಕ್ಷಣದಲ್ಲಿ ಅಲ್ಲಿ ತಾಮ್ರದ ಬಣ್ಣ ಹತ್ತುತ್ತದೆ, ಒರೆಸಿದರೆ ಅಡಿಯಲ್ಲಿ ಕಬ್ಬಿಣ ಗುಳಿ ಬಿದ್ದಿರುತ್ತದೆ. ಕಬ್ಬಿಣ ಕರಗಿ ತಾಮ್ರಕ್ಕೆ ಜಾಗ ಬಿಟ್ಟುಕೊಡುವುದೇ ಅಲ್ಲಿ ನಡೆಯುವ ಕೆಲಸ. ಗೊಬ್ಬರ, ತುತ್ತ ಒಂದು ಕೋಣೆ, ಬೆಂಚು ಇನ್ನೊಂದು. ಅಡ್ಡಗೋಡೆಯಾದರೂ ಇರಲಿ.

ಸಲಕರಣೆಗೆ ಮುಚ್ಚಿದ ಕಪಾಟು, ಒಳಗೆ ಹಳೆ ಮಾದರಿಯ 25 ವ್ಯಾಟ್ ತಂತಿ ಬಲ್ಬು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉರಿದರೆ ಸಾಕು, ಕಪಾಟಿನ ಗಾಳಿ ಹೊರಗಿನದಕ್ಕಿಂತ ಒಂದಿಷ್ಟು ಬೆಚ್ಚಗಿದ್ದು ಕಬ್ಬಿಣ ಬೆವರುವುದಿಲ್ಲ. ಎಲ್‌ಇಡಿಯಿಂದ ಈ ಕೆಲಸ ಆಗದು. ಬಲ್ಬಿನ ಹತ್ತಿರ ಬಟ್ಟೆ, ಎಣ್ಣೆ ಬೇಡ. ಅರಗಳಿಗೆ ಎಣ್ಣೆ ಹಚ್ಚಬೇಡಿ, ಜಾರುತ್ತವೆ. ಸೀಮೆಸುಣ್ಣ ತಿಕ್ಕಿ, ಒಂದಕ್ಕೊಂದು ತಾಗದಂತೆ ತೂಗುಹಾಕಿ.

ಗ್ರೈಂಡರ್ ಬೇಕೇ, ಅರ ಸಾಕೇ

ಚೈನ್‌ಗೆ ಅರವೇ ಸರಿ. ಪಿಚ್ ಎಂದರೆ ಚೈನ್ ಕೊಂಡಿಗಳ ಅಂತರದ ಅಳತೆ, ಇಂಚಿನಲ್ಲಿ. .325 ಪಿಚ್‌ಗೆ 4.8 ಎಂಎಂ ದುಂಡು ಅರ, ಸಣ್ಣ ಮೆಷಿನ್ನುಗಳ ಮುಕ್ಕಾಲು ಪಾಲಿನಲ್ಲಿರುವ ತಗ್ಗು 3/8 ಪಿಚ್‌ಗೆ 4 ಎಂಎಂ, ದೊಡ್ಡ 3/8ಕ್ಕೆ 5.2. ವೈಸಿನಲ್ಲಿ ಹಿಡಿಯಬೇಕಾದ್ದು ಬಾರನ್ನು (ಚೈನ್ ಸುತ್ತುವ ಉದ್ದನೆಯ ಪಟ್ಟಿ), ಚೈನನ್ನಲ್ಲ. ದವಡೆಗೆ ಅಲ್ಯೂಮಿನಿಯಂ ತಗಡು ಮಡಚಿ ಹಾಕಿ. ಅರವನ್ನು ಹಲ್ಲಿನ ಒಳಗಿನಿಂದ ಹೊರಕ್ಕೆ, ಸಾಮಾನ್ಯ ಚೈನ್‌ಗೆ 30 ಡಿಗ್ರಿ ಓರೆಯಲ್ಲಿ ತಳ್ಳಿ, ವಾಪಸ್ ಬರುವಾಗ ಎತ್ತಿ. ಎಲ್ಲ ಹಲ್ಲಿಗೂ ಒಂದೇ ಲೆಕ್ಕದ ತಳ್ಳು. ಬಲಗೈಯವರಿಗೆ ಒಂದು ಬದಿ ಸಲೀಸು, ಇನ್ನೊಂದು ಬದಿ ಅಡ್ಡ. ಹಾಗಾಗಿ ಒಂದು ಸಾಲು ಗಿಡ್ಡವಾಗಿ, ಮೆಷಿನ್ ಮರದಲ್ಲಿ ನೇರ ಇಳಿಯದೆ ಒಂದು ಕಡೆಗೆ ಎಳೆಯುತ್ತದೆ. ಎಲ್ಲಕ್ಕಿಂತ ಗಿಡ್ಡ ಹಲ್ಲು ಹುಡುಕಿ, ಉಳಿದವನ್ನು ಅದರ ಸಮಕ್ಕೆ ತನ್ನಿ. ಹಲ್ಲಿನ ಮುಂದಿನ ಗುಬ್ಬಿ ಹಲ್ಲಿನ ಬಾಯಿಗಿಂತ 0.65 ಎಂಎಂ ತಗ್ಗಿನಲ್ಲಿರಬೇಕು. ಅದನ್ನು ಮರೆತರೆ ಎಷ್ಟೇ ಹರಿತವಿದ್ದರೂ ಬರುವುದು ಹಿಟ್ಟು, ಸಿಪ್ಪೆಯಲ್ಲ. ಅತಿಯಾಗಿ ತಗ್ಗಿಸಿದರೆ ಮೆಷಿನ್ ಒದೆಯುತ್ತದೆ.

ಕತ್ತಿಗೆ, ಕಳೆ ಮೆಷಿನ್ನಿನ ಬ್ಲೇಡಿಗೆ 6 ಇಂಚಿನ ಬೆಂಚ್ ಗ್ರೈಂಡರ್ ಸಮಯ ಉಳಿಸುತ್ತದೆ. ಬಾಯಿ ನೀಲಿ ತಿರುಗಿದರೆ ಆ ಜಾಗದ ಹದ ಹೋಯಿತು ಎಂದರ್ಥ, ಇನ್ನು ಹರಿತ ನಿಲ್ಲದು. ಎರಡು ಸೆಕೆಂಡಿಗೊಮ್ಮೆ ನೀರಿಗೆ ಅದ್ದುತ್ತಾ ಹೋಗಿ, ಕೊನೆಯ ಬಾಯಿ ಕಲ್ಲಿನಲ್ಲೇ ಕಟ್ಟಿ. ಚಕ್ರಕ್ಕೂ ಮುಂದಿನ ಆಸರೆಗೂ 3 ಎಂಎಂಗಿಂತ ಹೆಚ್ಚು ಸಂದಿ ಇರಬಾರದು, ಕತ್ತಿಯ ತುದಿ ಒಳಗೆ ಸಿಕ್ಕಿಕೊಂಡರೆ ಚಕ್ರ ಒಡೆಯುತ್ತದೆ. ಹೊಸ ಚಕ್ರ ಹಾಕುವ ಮುಂಚೆ ಬೆರಳಿಗೆ ತೂಗಿಸಿ ಮರದ ಹಿಡಿಯಿಂದ ತಟ್ಟಿ. ಠಣ್ ಎನ್ನದೆ ಬೊದ್ದು ಸದ್ದು ಬಂದರೆ ಒಳಗೆ ಸೀಳಿದೆ.

ಕೊಳ್ಳುವ ಮುಂಚೆ ಸಂಜೆ ಏಳು ಗಂಟೆಗೆ ಮನೆಯ ವೋಲ್ಟೇಜ್ ಅಳೆಯಿರಿ. ಮೋಟರ್ ಎದ್ದು ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 230 ಇರಬೇಕಾದಲ್ಲಿ 160 ಬಂದರೆ ಬಲ ಅರ್ಧಕ್ಕಿಂತ ಕಡಿಮೆ. ಗ್ರೈಂಡರ್ ಗುಂಯ್ ಎಂದು ನಿಂತು ಬಿಸಿಯಾಗುತ್ತದೆ, ಸುತ್ತು ಸುಡುತ್ತದೆ. ಕೊನೆಯ ಕಂಬದ ಮನೆಯವರು ಬ್ಯಾಟರಿ ಆಂಗಲ್ ಗ್ರೈಂಡರ್ ಕಡೆ ನೋಡುವುದು ಜಾಣತನ. ಬೆಂಚಿಗೆ 16 ಆಂಪಿಯರ್ ಸಾಕೆಟ್, 2.5 ಚದರ ಎಂಎಂ ತಾಮ್ರದ ತಂತಿ, ಸರಿಯಾದ ಅರ್ಥಿಂಗ್, ಜೊತೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ ಸ್ವಿಚ್ಚು). ಒದ್ದೆ ನೆಲದಲ್ಲಿ ನಿಂತು ಮಾಡುವ ಕೆಲಸಕ್ಕೆ ಇದರಲ್ಲಿ ಯಾವುದನ್ನೂ ಬಿಡುವಂತಿಲ್ಲ.

ಟೂ ಸ್ಟ್ರೋಕ್ ಪೆಟ್ರೋಲಿನ ಕ್ಯಾನು ಮತ್ತು ಕಾರ್ಬುರೇಟರ್ ತೊಳೆಯುವ ಕಲ್ಲಿನ ಕಟ್ಟೆ ಗ್ರೈಂಡರ್‌ನಿಂದ ಕನಿಷ್ಠ 10 ಅಡಿ ಆಚೆ, ಕಿಡಿ ಹಾರುವ ದಿಕ್ಕಿಗೆ ವಿರುದ್ಧವಾಗಿ, ಗಾಳಿಯಾಡುವ ಕಡೆ ಇರಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಹಾಗಾಗಿ ಬೆಂಚಿನ ಕೆಳಗಿನ ಹಲಗೆ ಅದಕ್ಕೆ ತೀರಾ ಕೆಟ್ಟ ಜಾಗ. ಕಟ್ಟೆಯ ಮೇಲೆ ಅಂಚಿರುವ ಸ್ಟೀಲ್ ತಟ್ಟೆ, ಅದರಲ್ಲಿ ಬಿಳಿ ಬಟ್ಟೆ ಹಾಸಿ ಬಿಚ್ಚಿದರೆ ಕಾರ್ಬುರೇಟರ್‌ನ ಸೂಜಿಯ ಅಡಿಯ ಆ ಅಕ್ಕಿ ಕಾಳಿನಷ್ಟು ಸ್ಪ್ರಿಂಗ್ ಹಾರಿದರೂ ತಟ್ಟೆಯೊಳಗೇ ಬೀಳುತ್ತದೆ.